ಡೀಸೆಲ್ ಮುಚ್ಚಳದ ಮೇಲಿನ ಮೂರು ಪಟ್ಟೆ

ನನ್ನ ಗಂಡನಿಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತದೆ, ರಿಪೇರಿ ಬರುವುದಿಲ್ಲ ಎಂದು ಮದುವೆಯಾದಾಗಿನಿಂದ ನಾನು ನಂಬಿಕೊಂಡು ಬಂದಿದ್ದೆ. ನಂಬಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಜಾಯಮಾನವೂ ನನ್ನದಲ್ಲ. ಆ ಸಲ ಸೋಮವಾರಪೇಟೆಯ ಮೆಕ್ಯಾನಿಕ್ ಕೈಗೆ ಸಿಗಲಿಲ್ಲ. ಡೀಸೆಲ್ ಫಿಲ್ಟರ್ ತಾನೇ ಬದಲಾಯಿಸುತ್ತೇನೆ ಎಂದು ಅವರು ಅಂಗಳದಲ್ಲಿ ಕೂತಾಗ ಅಡುಗೆಮನೆ ಕಿಟಕಿಯಿಂದಲೇ ಹೇಳಿದೆ.

"ಬಿಚ್ಚಕ್ಕೆ ಎಲ್ಲರಿಗೂ ಬರುತ್ತೆ. ಕೂಡ್ಸದು ನೋಡನ."

ಅವರು ಸ್ಪ್ಯಾನರ್ ಎತ್ತಿಕೊಂಡರು.

ನನ್ನ ಮಾತು ಒರಟಾಗಿದ್ದಕ್ಕೆ ಕಾರಣವಿತ್ತು. ಮರುದಿನ ಕೆರೆಯ ನೀರು ನಮ್ಮ ಪಾಳಿ. ಹೂಮಳೆ ಬಂದಿರಲಿಲ್ಲ. ಕಾಫಿ ಗಿಡದ ಗೆಣ್ಣುಗೆಣ್ಣಿನಲ್ಲೂ ಮೊಗ್ಗು ಕೂತು ಒಂದು ನೀರಿಗಾಗಿ ಕಾಯುತ್ತಿತ್ತು. ನೀರು ಬಿದ್ದರೆ ಎಂಟೊಂಬತ್ತು ದಿನಕ್ಕೆ ಅರಳುತ್ತದೆ, ಬೀಳದಿದ್ದರೆ ಅಲ್ಲೇ ಕರಕಲಾಗುತ್ತದೆ. ಕೆರೆ ನಮಗೂ ಕೆಳಗಿನ ತೋಟದವರಿಗೂ ಸೇರಿದ್ದು. ಒಂದು ದಿನ ನಾವು, ಮರುದಿನ ಅವರು, ಅಷ್ಟರಲ್ಲಿ ಕೆರೆಯ ತಳ ಕಾಣುತ್ತದೆ. ಸ್ಪ್ರಿಂಕ್ಲರಿನ ಪಂಪು ತಿರುಗುವುದು ಟ್ರ್ಯಾಕ್ಟರಿನ ಬಲದಿಂದ. ಟ್ರ್ಯಾಕ್ಟರ್ ನಿಂತರೆ ಆ ವರ್ಷದ ಹೂವೂ ಇಲ್ಲ, ಹಣ್ಣೂ ಇಲ್ಲ.

ಸಂಜೆಯ ಹೊತ್ತಿಗೆ ಫಿಲ್ಟರ್ ಕೂತಿತು. ಟ್ಯಾಂಕಿನ ತುಂಬ ಡೀಸೆಲ್ ಸುರಿದು, ಮುಚ್ಚಳ ತಿರುಗಿಸಿ, ಮೇಲೆಲ್ಲ ಒರೆಸಿ ಅವರು ಸ್ನಾನಕ್ಕೆ ಹೋದರು. ನಮ್ಮ ಮನೆಯಲ್ಲಿ ವಿಭೂತಿ ಹಚ್ಚದೆ ಯಾವ ಯಂತ್ರವನ್ನೂ ಹೊಸ ಕೆಲಸಕ್ಕೆ ಇಳಿಸುವುದಿಲ್ಲ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ತಂದೆ. ಬಾನೆಟ್ಟಿನ ಮುಂಭಾಗಕ್ಕೆ ಗ್ರೀಸ್ ಮೆತ್ತಿಕೊಂಡಿತ್ತು. ಬಾನೆಟ್ಟಿನ ಮೇಲೆ ಎದ್ದು ನಿಂತ ಡೀಸೆಲ್ ಮುಚ್ಚಳ ಮಾತ್ರ ಪಳಪಳ ಹೊಳೆಯುತ್ತಿತ್ತು. ಅದರ ಮೇಲೇ ದಪ್ಪಗೆ ಮೂರು ಪಟ್ಟೆ ಎಳೆದು ಕೈ ಮುಗಿದೆ.

ಬೆಳಗ್ಗೆ ಕೆರೆ ದಂಡೆಯಲ್ಲಿ ಗಾಡಿ ನಿಲ್ಲಿಸಿ ಪಂಪು ಜೋಡಿಸಬೇಕು ಎನ್ನುವಷ್ಟರಲ್ಲಿ ಎಂಜಿನ್ ಗುಡುಗುಡು ಎಂದು ಆರಿಹೋಯಿತು. ಮತ್ತೆ ಕೀ ತಿರುಗಿಸಿದರೆ ಬರೀ ಗರಗರ.

"ಏರ್ ಹಿಡಿದಿರ್ಬೇಕು" ಎಂದರು. ಫಿಲ್ಟರ್ ಬದಲಾಯಿಸುವಾಗ ಪೈಪಿನೊಳಗೆ ಗಾಳಿ ಸೇರಿದರೆ ಡೀಸೆಲ್ ಮುಂದೆ ಹೋಗುವುದಿಲ್ಲವಂತೆ. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಡೀಸೆಲ್ ಎಳೆಯುವ ಪುಟ್ಟ ಕೈಪಂಪು ಒತ್ತತೊಡಗಿದರು. ಗಾಳಿಯಿದ್ದರೆ ಬರಬೇಕಾದ ನೊರೆಯೂ ಇಲ್ಲ, ಡೀಸೆಲ್ಲೂ ಸರಿಯಾಗಿ ಬರಲಿಲ್ಲ. ಡೀಸೆಲ್ ಇದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡಿದರು, ಟ್ಯಾಂಕ್ ತುಂಬಿತ್ತು. ಮತ್ತೆ ಒತ್ತಿದರೆ ಈಗ ಡೀಸೆಲ್ ಧಾರಾಳವಾಗಿ ಬಂತು. ಸ್ಕ್ರೂ ಬಿಗಿದು, ಮುಚ್ಚಳ ಹಾಕಿ ಕೀ ತಿರುಗಿಸಿದರು. ಎಂಜಿನ್ ಹಿಡಿಯಿತು. ನಾನು ಸ್ಪ್ರಿಂಕ್ಲರಿನ ಪೈಪಿನ ಕಡೆ ಓಡಿದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಸದ್ದು ನಿಂತುಹೋಗಿತ್ತು.

ಹೀಗೆ ನಾಲ್ಕು ಸಲ ಆಯಿತು. ಬಿಸಿಲು ನೆತ್ತಿಗೇರುತ್ತಿತ್ತು. ನನಗೆ ಮೊಗ್ಗುಗಳೇ ಕಣ್ಣಮುಂದೆ ಬರುತ್ತಿದ್ದವು. ಹೆದರಿಕೆಯಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

"ನಾನು ನಿನ್ನೇನೆ ಹೇಳ್ಲಿಲ್ವಾ? ವಾಷರ್ ಏನಾದ್ರೂ ಮರ್ತಿದೀರ. ಜೇಬಲ್ಲಿ ನೋಡಿ."

ಅವರು ಪಾಪ, ಜೇಬೂ ನೋಡಿದರು. ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಮಾರಾಯ್ತಿ, ಸ್ವಲ್ಪ ನೀರು ತಗೊಂಬಾ" ಎಂದು ಮರದ ಕೆಳಗೆ ಕೂತರು.

ನೀರು ಕೊಟ್ಟು ಬಂದು, ಡೀಸೆಲ್ ಇದೆಯೋ ಇಲ್ಲವೋ ನಾನೇ ನೋಡುತ್ತೇನೆ ಎಂದು ಗಾಡಿ ಹತ್ತಿದೆ. ಮುಚ್ಚಳ ತಿರುಗಿಸಿದಾಗ ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡಿತು. ಈ ಸದ್ದು ನನಗೆ ಗೊತ್ತು. ಬಿಸಿ ಪಲ್ಯವನ್ನು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟು, ಆರಿದ ಮೇಲೆ ತೆಗೆದರೆ ಹೀಗೇ ಆಗುತ್ತದೆ. ಡೀಸೆಲ್ ಇಳಿದಷ್ಟೂ ಗಾಳಿ ಒಳಗೆ ಹೋಗಲು ಎಲ್ಲಾದರೂ ದಾರಿ ಇರಬೇಕಲ್ಲ ಎಂದು ಮುಚ್ಚಳ ಮಗುಚಿದೆ. ಒಳಗಡೆ ಸಾಸಿವೆ ಗಾತ್ರದ ತೂತು. ಹೊರಗಡೆ ಅದೇ ಜಾಗದಲ್ಲಿ, ಒಣಗಿ ಸುಣ್ಣದ ಹಾಗೆ ಗಟ್ಟಿಯಾದ ನನ್ನ ಎರಡನೇ ಪಟ್ಟೆ.

ಅವರ ಕಡೆ ನೋಡಿದೆ, ಚೊಂಬು ಎತ್ತಿ ನೀರು ಕುಡಿಯುತ್ತಿದ್ದರು. ಸೀರೆಯ ಪಿನ್ನು ತೆಗೆದು ತೂತು ಚುಚ್ಚಿ, ಪಟ್ಟೆಗಳನ್ನು ಸೆರಗಿನಿಂದ ಒರೆಸಿ, ಮುಚ್ಚಳ ಹಾಕಿ ಇಳಿದೆ.

"ಈಗ ಒಂದ್ಸಲ ನೋಡಿ" ಎಂದೆ, ಆದಷ್ಟು ಮೆಲ್ಲಗೆ.

ಎಂಜಿನ್ ಹಿಡಿಯಿತು. ಎರಡು ನಿಮಿಷ, ಐದು ನಿಮಿಷ, ನಿಲ್ಲಲಿಲ್ಲ. ಪಂಪು ತಿರುಗಿ ಪೈಪು ಉಬ್ಬಿತು. ತೋಟದ ಮೇಲೆ ನೀರು ಬಿಲ್ಲಿನಂತೆ ಚಿಮ್ಮಿದಾಗ ನಾವಿಬ್ಬರೂ ಬೇಕೆಂದೇ ಅದರ ಕೆಳಗೆ ಹೋಗಿ ತೊಯ್ದೆವು.

ಸಂಜೆ ಕೆಳಗಿನ ತೋಟದ ಯಜಮಾನರು ಕೆರೆ ನೋಡಲು ಬಂದರು. ನಮ್ಮ ತೋಟದ ನಾಲ್ಕು ಸಾಲಿಗೆ ಇನ್ನೂ ನೀರು ಆಗಬೇಕಿತ್ತು.

"ಬೆಳಗ್ಗೆ ಗಾಡಿ ಸದ್ದೇ ಇರ್ಲಿಲ್ವಲ್ಲ, ಏನಾಗಿತ್ತು?"

"ಏರ್ ಹಿಡಿದಿತ್ತು ಅಣ್ಣ. ನಂದೇ ತಪ್ಪು, ಸರಿಯಾಗಿ ತೆಗ್ದಿರ್ಲಿಲ್ಲ" ಎಂದರು ನಮ್ಮವರು.

"ಹೋಗ್ಲಿ ಬಿಡು. ನಾನು ನಾಳೆ ಹತ್ತು ಗಂಟೆಗೆ ಶುರು ಮಾಡ್ತೀನಿ. ಅಷ್ಟರಲ್ಲಿ ಮುಗಿಸ್ಕೊಳ್ಳಿ."

ಬೆಳಗ್ಗೆಯಿಂದ ಮುಚ್ಚದ ನನ್ನ ಬಾಯಿ ಆಗ ತೆರೆಯಲಿಲ್ಲ. ನಾಚಿಕೆಯಾಗಿತ್ತು, ಹೇಳಲು ಧೈರ್ಯ ಸಾಲಲಿಲ್ಲ. ಹೇಳದ್ದಕ್ಕೆ ಬದಲಾಗಿ ದಿನವೂ ಅವರಿಗೆ ಇಷ್ಟವಾದ ಅಕ್ಕಿರೊಟ್ಟಿ, ಎಳ್ಳು ಚಟ್ನಿ ಮಾಡಿದೆ. ಕೆಸರು ಕಾಲಿನಲ್ಲಿ ಒಳಗೆ ಬಂದರೂ ಸುಮ್ಮನೆ ಒರೆಸಿದೆ.

ಒಂಬತ್ತನೆಯ ದಿನ ಬೆಳಗ್ಗೆ ಬಾಗಿಲು ತೆರೆದರೆ ತೋಟವೆಲ್ಲ ಬಿಳಿ. ಕಡೇ ಸಾಲಿನವರೆಗೂ ಒಂದು ಗಿಡ ಬಿಡದೆ ಅರಳಿತ್ತು, ಜೇನುಹುಳುಗಳ ಸದ್ದು ಅಂಗಳದವರೆಗೆ ಕೇಳುತ್ತಿತ್ತು. ಸಂತೋಷಕ್ಕೆ ಕಣ್ಣು ತುಂಬಿತು. ಕೆಳಗಿನ ತೋಟದ ಯಜಮಾನರೂ ಹೂವು ನೋಡಲು ಬಂದಿದ್ದರು. ಇನ್ನು ತಡೆಯಲಾಗಲಿಲ್ಲ.

"ಅಣ್ಣ, ಅವತ್ತು ತಪ್ಪು ಇವರದಲ್ಲ. ಮುಚ್ಚಳದ ತೂತಿಗೆ ವಿಭೂತಿ ಮೆತ್ತಿದ್ದು ನಾನು."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮವರು ಹೂವಿನ ರೆಂಬೆಯೊಂದನ್ನು ಬಗ್ಗಿಸಿ ಮೂಸುತ್ತಾ, "ನಂಗೆ ಅವತ್ತೇ ಗೊತ್ತಿತ್ತು. ನಿನ್ನ ಪಿನ್ನಿನ ತುದಿ ಬೆಳ್ಳಗಿತ್ತು" ಎಂದರು.

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ಒಂಬತ್ತು ದಿನದಿಂದ ನೀನು ಒಂದು ಮಾತೂ ಬೈದಿಲ್ಲ. ಅದನ್ಯಾಕೆ ನಾನಾಗೇ ಹಾಳು ಮಾಡ್ಕೊಳ್ಳಲಿ?"