ಹದಿನಾಲ್ಕು ಬೆನ್ನು, ಒಂದೇ ಮುಖ

"ನಮ್ಮ ಭಾವ ದೇವರನ್ನ ಮರೆತರೂ ನನ್ನ ಮುಖ ಮರೆಯಲ್ಲ" ಎಂದು ಬಿಳಿಕೆರೆಯ ಬಸ್ ಸ್ಟಾಪಿನಲ್ಲಿ ನಾಲ್ಕು ಜನರ ಮುಂದೆ ಕೊಚ್ಚಿಕೊಂಡ ವಿರೂಪಾಕ್ಷ, ಎದುರಿಗೆ ಬಂದ ಅಕ್ಕನ ಗಂಡ ಸೋಮಯ್ಯನ ಮುಂದೆ ತುಟಿ ಬಿಚ್ಚದೆ ತೋಳು ಚಾಚಿ ನಿಂತ. ಸೋಮಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿ, "ಮೈಸೂರು ಬಸ್ಸು ಈಗ್ತಾನೆ ಓಯ್ತು, ಯಜಮಾನ್ರೆ" ಎಂದು ಮುಂದೆ ನಡೆದ. ಚಾಚಿದ ತೋಳನ್ನು ಏನು ಮಾಡುವುದೆಂದು ತೋಚದೆ ವಿರೂಪಾಕ್ಷ ಮೈಮುರಿದು ಆಕಳಿಸಿದ.

ತಪ್ಪು ಸೋಮಯ್ಯನದಲ್ಲ. ಹೋದ ವರ್ಷ ಶುಂಠಿ ಹೊಲದಲ್ಲಿ ಅವನಿಗೆ ಸ್ಟ್ರೋಕ್ ಆಗಿತ್ತು. ಕೈಕಾಲು ಸರಿಹೋದವು, ಕಣ್ಣಿಗೂ ಏನೂ ಆಗಿರಲಿಲ್ಲ. ಮುಖಗಳ ಗುರುತು ಮಾತ್ರ ಹೋಯಿತು. ಕಣ್ಣು ತಂದುಕೊಟ್ಟ ಮೂಗು, ಬಾಯಿ, ಹುಬ್ಬನ್ನೆಲ್ಲ ಜೋಡಿಸಿ 'ಇವನು ಇಂಥವನು' ಎಂದು ಹೇಳುವ ಜಾಗ ಮೆದುಳಿನ ಹಿಂಭಾಗದಲ್ಲಿದೆ, ಪೆಟ್ಟು ಬಿದ್ದಿರುವುದು ಅಲ್ಲಿಗೆ, ಎಂದರು ಡಾಕ್ಟರು. ತರಕಾರಿಯೆಲ್ಲ ಬಂದಿದೆ, ಅಡುಗೆಯವನೇ ರಜೆ.

ಹೆಂಡತಿ ಚಿಕ್ಕಬಸಮ್ಮನನ್ನು ಅವನು ಬಳೆಯ ಸದ್ದಿನಿಂದ ಗುರುತಿಸುತ್ತಿದ್ದ. ಕ್ಷೌರದಂಗಡಿಯಲ್ಲಿ ಕನ್ನಡಿಯೊಳಗಿನವನಿಗೆ "ವಸಿ ಜರುಗಪ್ಪ" ಎಂದದ್ದೂ ಉಂಟು. ಯಾರನ್ನು ಮಾತಾಡಿಸದೆ ಬಿಡುತ್ತೇನೋ ಎಂಬ ಭಯಕ್ಕೆ ಮದುವೆಮನೆ ಬಿಟ್ಟ, ಟೀ ಅಂಗಡಿ ಬಿಟ್ಟ. ಊರು "ಸೋಮಯ್ಯಂಗೆ ಕೊಬ್ಬು ಬಂದದೆ" ಎಂದಿತು.

ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಕಬಡ್ಡಿ ಎಂದರೆ ಮೈಕಿನಲ್ಲಿ ಸೋಮಯ್ಯನ ಕಾಮೆಂಟರಿ ಎಂದಿದ್ದ ಕಾಲ ಮುಗಿಯಿತೇನೋ ಎಂಬಂತೆ, ಬಿಳಿಕೆರೆ–ಮಿರ್ಲೆ ಫೈನಲ್‌ಗೆ ಕಮಿಟಿಯವರು ಕೆ.ಆರ್. ನಗರದಿಂದ ಬೇರೊಬ್ಬನನ್ನು ಕರೆಸಿದರು.

"ಮೈಕೂ ಕೈಬಿಟ್ಟೋದ್ರೆ ನಿಮ್ಮ ಭಾವ ಇನ್ನ ಒಸ್ಲು ದಾಟಾಕಿಲ್ಲ ಕಣೋ" ಎಂದು ಚಿಕ್ಕಬಸಮ್ಮ ತಮ್ಮನೆದುರು ಕಣ್ಣೊರೆಸಿಕೊಂಡಳು. ವಿರೂಪಾಕ್ಷ ಕಮಿಟಿಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಎದ್ದು ಕಾಫಿಗೆ ಹೋಗಿದ್ದರು. ಅವನ ಪಾಲಿನ ಸೇವೆ ಜರ್ಸಿ. ಎರಡೂ ತಂಡಕ್ಕೆ ಹೊಲಿಸಿದ್ದ. ಬೆನ್ನಿನ ಮೇಲೆ ನಂಬರಿನ ಜಾಗದಲ್ಲಿ ತನ್ನ ನಗುಮುಖ, ಅದರಡಿ ದಪ್ಪಕ್ಷರದಲ್ಲಿ ಹೆಸರು ಹಾಕಿಸಿದ್ದ.

ಆಟ ಶುರುವಾಯಿತು. ಕೆ.ಆರ್. ನಗರದವನಿಗೆ ಆಟಗಾರರ ಪರಿಚಯವಿಲ್ಲ, ನಂಬರೂ ಇಲ್ಲ. ಕಂಡದ್ದನ್ನೇ ಓದಿದ: "ಈಗ ವಿರೂಪಾಕ್ಷ ರೈಡಿಗೆ! ವಿರೂಪಾಕ್ಷನ ಕಾಲನ್ನು ವಿರೂಪಾಕ್ಷ ಹಿಡಿದರು! ಮೇಲೆ ಇನ್ನೊಬ್ಬ ವಿರೂಪಾಕ್ಷ ಬಿದ್ದರು!"

ಮೈದಾನ ನಗುವಿನಲ್ಲಿ ಮುಳುಗಿತು. ಧೂಳಿನಲ್ಲಿ ಊರವರಿಗೂ ಯಾರು ಯಾರೆಂದು ತಿಳಿಯಲಿಲ್ಲ. ವಿರೂಪಾಕ್ಷ ಮೈಕು ಕಿತ್ತುಕೊಂಡು, ಅಕ್ಕನ ಬಲವಂತಕ್ಕೆ ಬಂದು ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಸೋಮಯ್ಯನ ಬಳಿಗೆ ಓಡಿದ.

"ಭಾವ, ನಾನು!"

"ದನಿ ಗೊತ್ತಾಯ್ತು ಬುಡು. ತಪ್ಪು ಯೋಳುದ್ರೆ ನಗ್ತಾರೆ ಕಣ್ಲಾ."

"ಇವತ್ತು ಊರೆಲ್ಲ ನಿಮ್ಮಂಗೇ ಆಗದೆ, ಬನ್ನಿ!"

ಸೋಮಯ್ಯ ಎದ್ದ. ಹೆದರುತ್ತಲೇ ಶುರುಮಾಡಿದ: "ಬಂದ... ಎಡಗಾಲು ಎಳ್ಕಂಡು ಬಂದ... ಮಿರ್ಲೆ ಸ್ವಾಮಿ!" ಮಿರ್ಲೆಯ ಕಡೆಯಿಂದ ಹೋ ಎಂದು ಕೂಗು ಬಿತ್ತು. ಅಲ್ಲಿಂದ ತಡೆಯುವವರಿಲ್ಲ. ನಡಿಗೆ, ತೊಡೆ ತಟ್ಟುವ ಸದ್ದು, ಭುಜದ ಕುಲುಕು, ಒಂದೊಂದಕ್ಕೂ ಒಂದು ಹೆಸರು ಬಾಯಿಗೆ ಬಂತು. ನಡುವೆ ಬದಲಿಗೆ ಬಂದವನೊಬ್ಬನನ್ನು ಅವನಣ್ಣನೆಂದು ಕರೆದ. ಅವನು ಅಣ್ಣನಂತೆಯೇ ಆಡಿ ಔಟಾದ.

ಕೊನೆಯ ರೈಡ್. ಅಂಕ ಸಮ. ಕಾಲು ಉಳುಕಿ ಬಟ್ಟೆ ಸುತ್ತಿಸಿಕೊಂಡಿದ್ದ ಬಿಳಿಕೆರೆಯ ಹುಡುಗನೊಬ್ಬ ಕುಂಟುತ್ತ ಹೊರಟ. ನಡಿಗೆಯೇ ಬದಲಾಗಿತ್ತು. ಮೈಕು ಮೂಕವಾಯಿತು. ಜನ ತಿರುಗಿ ನೋಡಿದರು. ಸೋಮಯ್ಯ ಕಿವಿ ನಿಮಿರಿಸಿದ.

ಹುಡುಗ ಗೆರೆ ದಾಟಿದ. "ಕಬಡ್ಡಿ, ಕಬಡ್ಡಿ, ಕಬ್ಡಿ..."

"ಅಲಲಲಾ ನಂಜುಂಡೇಶ!" ಸೋಮಯ್ಯ ನೆಗೆದ. "ಕುಂಟ್ಕಂಡು ಬಂದು ನನ್ನೇ ಯಾಮಾರ್ಸ್ತೀಯೇನ್ಲಾ? ಮೂರ್ನೇ ಕಬಡ್ಡಿಗೆ ಉಸ್ರು ನುಂಗೋನು ನೀನೊಬ್ನೇ ಕಣ್ಲಾ! ಮುಟ್ದ! ತಿರುಗ್ದ! ಇಡ್ಕಂಡ್ರು, ಜಾರ್ದ, ಬಿದ್ದ, ಗೆರೆ ಮುಟ್ಟೇಬುಟ್ಟ!"

ಮೈದಾನ ಕುಣಿದಾಡಿತು. ಗೆದ್ದ ನಂಜುಂಡೇಶನನ್ನು ಬಿಟ್ಟು ಸೋಮಯ್ಯನನ್ನೇ ಹೆಗಲ ಮೇಲೆ ಹೊತ್ತರು. ಮುಂದಿನ ವಾರ ಪಿರಿಯಾಪಟ್ಟಣಕ್ಕೂ ಬರಬೇಕೆಂದು ಅಲ್ಲೇ ಕರೆ ಬಂತು. ಚಿಕ್ಕಬಸಮ್ಮ ಬಳೆ ಕುಲುಕಿಸುತ್ತ ಜನರ ನಡುವೆ ನುಗ್ಗಿ ಬಂದಳು.

ಎಲ್ಲ ತಣ್ಣಗಾದ ಮೇಲೆ ವಿರೂಪಾಕ್ಷ ಮೆಲ್ಲಗೆ ಕೇಳಿದ: "ಅದಿರ್ಲಿ ಭಾವ, ಬೆನ್ನಿನ ಮೇಲೆ ನನ್ನ ಫೋಟೊ ಹೆಂಗಿತ್ತು?"

"ಅದು ನಿಂದಾ?" ಎಂದ ಸೋಮಯ್ಯ, ಮೀಸೆಯಲ್ಲೇ ನಗುತ್ತ. "ಯಾರೋ ತೀರ್ಕಂಡೋರ ಜ್ಞಾಪಕಾರ್ಥ ಅನ್ಕಂಡು, ಒಂದ್ನಿಮಿಷ ಮೌನ ಮಾಡ್ಸಾನಾ ಅಂತಿದ್ದೆ."