ಟೋನೋ ಪಲ್ಸೋ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಒಂದೇ ಒಂದು ಪ್ರಶ್ನೆ ಕೇಳಿಕೊಂಡು ಬರಬೇಕಿತ್ತು. ಕೇಳಲಿಲ್ಲ. ಕೇಳಿದೆ ಎಂದು ತಂಗಿಗೆ ಹೇಳಿದೆ. ಇಪ್ಪತ್ತು ವರ್ಷದ ಮೇಲಾಯಿತು.

ಆಗ ಅವಳು ಹೆರಿಗೆಗೆಂದು ಚಿಕ್ಕರಸಿನಕೆರೆಯ ನಮ್ಮ ಮನೆಗೆ ಬಂದಿದ್ದಳು; ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಮಂಡ್ಯದ ಒಂದು ಪ್ರೆಸ್ಸಿನಲ್ಲಿ ಟೈಪ್ ಮಾಡುವ ಕೆಲಸ ಅವಳದು. ಮಳವಳ್ಳಿಯ ಗಂಡನ ಮನೆಯವರಿಗೆ ಅದು ಹಿಡಿಸುತ್ತಿರಲಿಲ್ಲ. ಒಮ್ಮೆ ಬಿಟ್ಟರೆ ಮತ್ತೆ ಕಳಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಪ್ರೆಸ್ಸಿನ ಯಜಮಾನರು ಹಳೆಯ ಕಂಪ್ಯೂಟರೊಂದನ್ನು ಕೊಟ್ಟು, ಪುಟಗಳನ್ನು ಮನೆಯಿಂದಲೇ ಇಮೇಲಿನಲ್ಲಿ ಕಳಿಸು, ಹದಿನೈದು ದಿನ ನೋಡುತ್ತೇನೆ, ಆಗದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದಿದ್ದರು. ತಿದ್ದುಪಡಿ ದಿನಕ್ಕೆರಡು ಸಲ ಬರುವ ಕೆಲಸ. ಫ್ಲಾಪಿ ಹಿಡಿದು ಬಸ್ಸು ಹತ್ತಿದರೆ ನಡೆಯುವಂತಿರಲಿಲ್ಲ.

ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್ ಎಂಬ ಸಾಫ್ಟ್‌ವೇರು. ಮೋಡೆಮ್ ಎಂಬ ಪೆಟ್ಟಿಗೆಗೆ ಫೋನಿನ ತಂತಿ ಸಿಕ್ಕಿಸಿದರೆ ಇಂಟರ್‌ನೆಟ್ಟಿಗೆ ಅದು ತಾನೇ ನಂಬರು ತಿರುಗಿಸುತ್ತದೆ. ಹೇಗೆ ತಿರುಗಿಸಬೇಕೆಂದು ಮಾತ್ರ ನಾವು ಬರೆದು ತಿಳಿಸಬೇಕು. ಎಕ್ಸ್‌ಚೇಂಜಿಗೆ ತಕ್ಕಂತೆ ಲೈನಿನಲ್ಲಿ ಎರಡು ಬಗೆ: ಟೋನ್ ಆದರೆ ಒಂದು ಅಕ್ಷರ, ಪಲ್ಸ್ ಆದರೆ ಇನ್ನೊಂದು.

"ಮದ್ದೂರು ಎಕ್ಸ್‌ಚೇಂಜಲ್ಲಿ ಕೇಳ್ಕಂಡ್ ಬಾ ಅಣ್ಣ. ಚೀಟಿ ಬರ್ಕೊಡ್ಲಾ?"

"ಎರಡ್ ಮಾತ್ಗೆ ಚೀಟಿ ಯಾಕವ್ವ? ನಾನೇನು ದಡ್ಡ್ನಾ?"

ನಾನು ಕೆಲಸಕ್ಕಿದ್ದ ಗೆಜ್ಜಲಗೆರೆಯ ಕಾರ್ಖಾನೆಗೆ ಹೋಗುವಾಗ ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡು ಹೋದೆ. ನಾನು ಓದಿದ್ದು ಐದನೆಯ ತರಗತಿ. ಮದ್ದೂರು ಬರುವಷ್ಟರಲ್ಲಿ ಪಲ್ಸು ನನ್ನ ಬಾಯಲ್ಲಿ ಪರ್ಸಾಗಿತ್ತು. ಎಕ್ಸ್‌ಚೇಂಜಿನ ಕಿಟಕಿಯ ಒಳಗೆ ಇಬ್ಬರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನಮ್ಮ ಫೋನು ಪರ್ಸಾ ಎಂದು ಕೇಳಿದರೆ ನಗುತ್ತಾರೆ ಅನ್ನಿಸಿತು. ಒಬ್ಬರು ತಲೆಯೆತ್ತಿ ಏನು ಎಂದರು. ಏನಿಲ್ಲ ಸಾರ್ ಎಂದು ಬಂದುಬಿಟ್ಟೆ.

ಸಂಜೆ ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಟೋನಂತೆ ಕಣವ್ವ," ಎಂದೆ. ಅದು ಹೇಳಲು ಸುಲಭವಾಗಿತ್ತು, ಅಷ್ಟೇ.

ಮೋಡೆಮ್ಮು ಕೂ ಎನ್ನುತ್ತಿತ್ತು, ಕಿಣಿಕಿಣಿ ಎನ್ನುತ್ತಿತ್ತು, ಮತ್ತೆ ಅದೇ ಕೂ; ಲೈನು ಸಿಗುತ್ತಿರಲಿಲ್ಲ. ಲಿನಕ್ಸಿಗೆ ಕೆಲವು ಮೋಡೆಮ್ಮು ಒಗ್ಗುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದೊಂದೇ ಸಾಲು ಬದಲಿಸಿ ನೋಡುತ್ತಿದ್ದಳು.

"ಬಾಣ್ತಿ ಕಣ್ ಕಳ್ಕೊತೀಯ ಕಣೆ. ಆ ಡಬ್ಬ ಮುಚ್ಚು," ಎಂದು ಅವ್ವ ಬೈಯುತ್ತಿದ್ದಳು.

ಎರಡು ಅಕ್ಷರವನ್ನೂ ಹಾಕಿ ನೋಡಬಹುದಿತ್ತು. ಆದರೆ ಅಣ್ಣನೇ ಕೇಳಿಕೊಂಡು ಬಂದದ್ದೆಂದು ಅದೊಂದನ್ನು ಮಾತ್ರ ಅವಳು ಮುಟ್ಟಲಿಲ್ಲ.

ಹದಿನೈದನೆಯ ದಿನ ಪ್ರೆಸ್ಸಿನಿಂದ ಆಟೋ ಬಂತು. ಕಂಪ್ಯೂಟರಿನ ಧೂಳು ಒರೆಸಿ ಕೊಟ್ಟಳು. ಮೂರನೆಯ ತಿಂಗಳಿಗೆ ಮಗುವಿನೊಂದಿಗೆ ಮಳವಳ್ಳಿಗೆ ಹೋದಳು. ಮತ್ತೆ ಎಲ್ಲೂ ಕೆಲಸಕ್ಕೆ ಹೋಗಲಿಲ್ಲ.

ಆ ವರ್ಷವೇ ಲೈನು ಸರಿಮಾಡಲು ಬಂದವನನ್ನು, ಮನೆಯಲ್ಲಿ ಯಾರೂ ಇಲ್ಲದಾಗ, ಕೇಳಿದೆ.

"ಅಳೇ ಎಕ್ಸ್‌ಚೇಂಜು ಕಣಣ್ಣ, ಇಲ್ಲೆಲ್ಲಾ ಪಲ್ಸೇ. ನಂಬರೊತ್ತುದ್ರೆ ಟಕಟಕ ಅನ್ನಲ್ವಾ?"

ಅದನ್ನು ಯಾರಿಗೂ ಹೇಳಲಿಲ್ಲ.

ಹೋದ ತಿಂಗಳು ಮಳವಳ್ಳಿಗೆ ಹೋಗಿದ್ದೆ. ಆವತ್ತಿನ ಆ ಮಗು ಈಗ ದೊಡ್ಡವಳು. ತಾಯಿಗೆ ಮೊಬೈಲಿನಲ್ಲಿ ಕರೆಂಟು ಬಿಲ್ಲು ಕಟ್ಟುವುದನ್ನು ತೋರಿಸುತ್ತಿದ್ದಳು. ತಂಗಿ ಮೊಬೈಲನ್ನು ಹಾಗೆಯೇ ಅವಳ ಕಡೆ ಸರಿಸಿದಳು.

"ನೀನೇ ಮಾಡ್ಬುಡು ಕಣವ್ವ. ಇವೆಲ್ಲ ನನ್ ತಲೆಗತ್ತಕ್ಕಿಲ್ಲ. ನೀನು ಉಟ್ಟಿದಾಗ್ಲೇ ಗೊತ್ತಾಗೋಯ್ತು. ಕೇಳು ಬೇಕಾದ್ರೆ ನಿಮ್ಮಾವುನ್ನ."

ಅವಳು ನಗುತ್ತಲೇ ಹೇಳಿದ್ದು. ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ.

"ಆವತ್ತು ನಾನು ಎಕ್ಸ್‌ಚೇಂಜಲ್ಲಿ ಕೇಳ್ಲೇ ಇಲ್ಲ ಕಣವ್ವ. ಬಾಯಿ ತಿರುಗ್ಲಿಲ್ಲ, ನಾಚ್ಕೊಂಡು ಬಂದ್ಬುಟ್ಟೆ. ನಮ್ದು ಪಲ್ಸೇ ಆಗಿತ್ತು. ನೀನು ಮಾಡಿದ್ದೆಲ್ಲ ಸರ್ಯಾಗೇ ಇತ್ತು. ತಪ್ಪು ನಂದು. ಒಟ್ಟೆಗಾಕ್ಕೊ ತಾಯಿ."