ಪಡಸಾಲೆಯ ಹೋಲ್ಡರು

ನಮ್ಮ ಪಡಸಾಲೆಯ ತೊಲೆಗೆ ಹೊಡೆದಿದ್ದ ಹಳೆಯ ದೀಪವನ್ನು ನೆನೆದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ. ಒಂದು ಕಟ್ಟಿಗೆಯ ಬಿಲ್ಲೆ, ಅದಕ್ಕೊಂದು ಕರೀ ಹೋಲ್ಡರು, ಕೆಳಗೆ ಗಾಜಿನ ಬಟ್ಟಲು. ಆ ಬಟ್ಟಲಲ್ಲಿ ಬಿದ್ದಿದ್ದ ಹುಳಗಳು ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಸತ್ತಿದ್ದವು. ಅವುಗಳ ಮೇಲೆ ಹಲ್ಲಿಯ ಹಿಕ್ಕೆ, ಮಾಳಿಗೆಯಿಂದ ಉದುರಿದ ಮಣ್ಣು, ಒಲೆಯ ಮಸಿ, ಎಣ್ಣೆಯ ಜಿಡ್ಡು. ಅದರ ಕೆಳಗೇ ಕೂತು ನಾವು ಉಣ್ಣುತ್ತಿದ್ದೆವು, ಥೂ! "ಅದನ್ನ ತಗಸ್ರಿ" ಎಂದು ಗಂಡನಿಗೆ ವರ್ಷಗಟ್ಟಲೆ ಹೇಳಿದೆ. "ಉರೀತೈತಲ್ಲ, ಉರೀಲಿ ಬಿಡು" ಎನ್ನುವುದೊಂದೇ ಉತ್ತರ.

ಹೋದ ಶ್ರಾವಣದಲ್ಲಿ ಅದು ಉರಿಯುವುದನ್ನೂ ಬಿಟ್ಟಿತು. ಹೊಸ ಬಲ್ಬು ಹಾಕಿದರೂ ಹತ್ತಲಿಲ್ಲ, ಹೋಲ್ಡರೇ ಸುಟ್ಟಿತ್ತು. ನಮ್ಮವರು ಅಣ್ಣಿಗೇರಿಗೆ ಹೋಗಿ ಹೊಸ ಎಲ್‌ಇಡಿ ದೀಪ ತಂದರು. ವೈರಮನ್ನನ್ನು ಕರೆಸಿರಿ ಅಂದೆ.

"ಎರಡು ವೈರ್ ಬಿಚ್ಚೂದು, ಎರಡು ಕಟ್ಟೂದು. ಇದಕ್ಕ ವೈರಮನ್ ಯಾಕ ಬೇಕು?" ಎಂದು ಸ್ಟೂಲು ಎಳೆದರು.

"ಮೊದಲ ಮೇನ್ ಆರಸ್ರಿ."

"ಆರಸ್ರಿ, ಆರಸ್ರಿ," ಅಂದರು ಒಳಗಿನಿಂದ ನಮ್ಮತ್ತೆ. "ಮೇನ್ ಆರಿಸಿದ್ರೂ ನನ್ನ ದೇವರ ದೀಪಕ್ಕ ಏನೂ ಆಗೂದಿಲ್ಲ."

ಅದು ನಮ್ಮ ಮನೆತನದ ಹೆಮ್ಮೆ. ಮನುಷ್ಯರ ಕೈ ದೇವರ ದೀಪ ಆರಿಸಬಾರದೆಂದು ತೀರಿಕೊಂಡ ನಮ್ಮ ಮಾವನವರು ದೇವರ ಕೋಣೆಯ ಕೆಂಪು ಬಲ್ಬಿಗೆ ಮೇನ್ ಸ್ವಿಚ್ಚಿನ ಹಂಗೇ ಇಲ್ಲದಂತೆ, ಮೀಟರಿನಿಂದ ನೇರ ವೈರು ಎಳೆಸಿದ್ದರು. ಗುಂಡಿಯನ್ನೂ ಇಟ್ಟಿರಲಿಲ್ಲ. ಊರಿಗೆ ಊರೇ ಕರೆಂಟಿಲ್ಲದೆ ಕೂತಾಗ ಅದೂ ಆರುತ್ತಿತ್ತು. ಆದರೆ ಅದು ಕರೆಂಟಿನವರ ಪಾಪವಂತೆ, ನಮ್ಮದಲ್ಲವಂತೆ. ಬಂದವರೆಲ್ಲ ಇದನ್ನು ಕೇಳಿ ಕೈ ಮುಗಿಯುತ್ತಿದ್ದರು. ಕುಂದಗೋಳದ ನನ್ನ ತವರಿನಲ್ಲಿ ನಾನೂ ಹೇಳಿಕೊಂಡು ಮೆರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೇನ್ ಆರಿಸಿದರು. ಫ್ಯಾನು ನಿಂತಿತು. ಅವರು ಸ್ಟೂಲು ಹತ್ತಿದರು, ನಾನು ಎರಡೂ ಕೈಯಿಂದ ಹಿಡಿದು ನಿಂತೆ. ಬಟ್ಟಲು ಬಿಚ್ಚಿದ್ದೇ ತಡ, ಇದ್ದಬದ್ದ ಹೊಲಸೆಲ್ಲ ನನ್ನ ತಲೆಯ ಮೇಲೆ. ಒಣಗಿ ಚಪ್ಪಟೆಯಾದ ಹಲ್ಲಿಯೊಂದು ಕುಪ್ಪಸದ ಕೊರಳಿಗೆ ಸಿಕ್ಕಿಕೊಂಡಿತು. ಎಲ್ಲವನ್ನೂ ಕೊಡವಿ, ಉಗಿದು, ಮತ್ತೆ ಸ್ಟೂಲು ಹಿಡಿದೆ. ಬಿಲ್ಲೆಯ ಹಿಂದಿನ ವೈರುಗಳಿಗೆ ಯಾರೋ ಹಳೇ ಧೋತರದ ಚಿಂದಿ ಸುತ್ತಿದ್ದರು. ಅದು ಜಿಡ್ಡಿಗೆ ಅಂಟಂಟಾಗಿ, ಇಲಿ ಉಚ್ಚೆಯ ನಾತ ಹೊಡೆಯುತ್ತಿತ್ತು.

"ಯಾವ ಹಲ್ಕಟ್ ಕಟ್ಟ್ಯಾನಲೇ ಇದನ್ನ!" ಎಂದು ನಮ್ಮವರು ಮೇಲಿಂದ ಬೈಯುತ್ತ ಚಿಂದಿ ಬಿಚ್ಚತೊಡಗಿದರು.

ನಾತ ತಾಳಲಾರದೆ ನಾನು ಮುಖ ಆಚೆ ತಿರುಗಿಸಿದೆ. ದೇವರ ಕೋಣೆಯ ಬಾಗಿಲಲ್ಲಿ ಕೆಂಪು ಬಲ್ಬು ಉರಿಯುತ್ತಿತ್ತು. ಕಂಡ ಕೂಡಲೇ ಕೈಗಳು ತಾವಾಗಿಯೇ ಎದೆಗೆ ಹೋದವು. ಎಷ್ಟೋ ವರ್ಷದ ರೂಢಿ.

ಮೇಲಿನಿಂದ ಒಂದು ಸದ್ದು ಬಂತು, ಗಂಟಲಲ್ಲಿ ತುತ್ತು ಸಿಕ್ಕವರ ಸದ್ದು. ನೋಡಿದರೆ ಅವರ ಕೈ ವೈರಿಗೆ ಕಚ್ಚಿಕೊಂಡಿದೆ, ಹಲ್ಲು ಕಚ್ಚಿದ್ದಾರೆ, ಕಣ್ಣು ಮೇಲೆ ಹೋಗಿದೆ. ನನಗೆ ಏನು ತೋಚಿತೋ ಕಾಣೆ, ಸ್ಟೂಲನ್ನು ಜಾಡಿಸಿ ಒದ್ದೆ. ಅವರು ಕಿತ್ತುಕೊಂಡು ಜೋಳದ ಚೀಲದ ಮೇಲೆ ಬಿದ್ದರು. ಸುಟ್ಟ ಚರ್ಮದ ವಾಸನೆ ಪಡಸಾಲೆಗೆಲ್ಲ ತುಂಬಿತು. ಬಹಳ ಹೊತ್ತಿನ ಮೇಲೆ "ನೀರು" ಅಂದರು. ಆಗ ನನಗೆ ಜೀವ ಬಂತು.

ಅತ್ತೆ ಓಡಿ ಬಂದು ಮಗನ ತಲೆ ನೇವರಿಸಿದರು. "ನೋಡು, ದೀಪ ಆರಲಿಲ್ಲ. ಅದಕ್ಕ ದೇವರು ಕಾಯ್ದ!" ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಅವತ್ತು ನಾನು ಬೈಯದವರಿಲ್ಲ. ಸತ್ತ ಮಾವನವರನ್ನು ಬೈದೆ, ಚಿಂದಿ ಸುತ್ತಿದವನನ್ನು ಬೈದೆ, ಶಾಣ್ಯಾತನ ತೋರಿಸಲು ಹೋದ ಗಂಡನನ್ನು ಬೈದೆ. ಬುದ್ಧಿ ಇಲ್ಲದವರ ಮನೆ ಸೇರಿದೆನಲ್ಲಪ್ಪಾ ಎಂದು ಹಣೆ ಬಡಿದುಕೊಂಡೆ.

ಮಧ್ಯಾಹ್ನ ವೈರಮನ್ ಬಂದ. ಮೇನ್ ಆರಿಸಿಯೇ ಟೆಸ್ಟರ್ ಹಚ್ಚಿದ, ಅದು ಮಿಣಕ್ಕೆಂದಿತು. ವೈರಿನ ಜಾಡು ಹಿಡಿದು ದೇವರ ಕೋಣೆಯವರೆಗೂ ಹೋಗಿ ಬಂದ.

"ಪಡಸಾಲಿ ದೀಪಾನ ಯಾರೋ ದೇವರ ದೀಪದ ವೈರಿಗೇ ಗಂಟು ಹಾಕ್ಯಾರ್ರಿ. ಪಡಸಾಲಿ ಗುಂಡಿಗೂ ಉಲ್ಟಾ ವೈರ್ ಕೊಟ್ಟಾರ. ನೀವು ಏನ್ ಆರಿಸಿದ್ರೂ ಹೋಲ್ಡರಿನ್ಯಾಗ ಕರೆಂಟ್ ಇದ್ದೇ ಇರತೈತ್ರಿ." ಮೂವರ ಮುಖವನ್ನೂ ನೋಡಿದ. "ಅಲ್ರಿ, ಮೇನ್ ಆರಿಸಿದ ಮ್ಯಾಲೂ ಅಲ್ಲಿ ಬಲ್ಬ್ ಉರೀತಿತ್ತಲ್ರಿ? ಮನ್ಯಾಗ ಕರೆಂಟ್ ಐತಿ ಅಂತ ಒಬ್ಬರಿಗೂ ಹೊಳೀಲಿಲ್ಲೇನು? ಯಾರೂ ಆ ಕಡೆ ನೋಡಲಿಲ್ಲೇನ್ರಿ?"

ಅತ್ತೆ ಸೆರಗು ಸರಿಮಾಡಿಕೊಂಡರು. ನಮ್ಮವರು ಬೊಬ್ಬೆ ಎದ್ದ ಬೆರಳು ನೋಡುತ್ತ ಕೂತರು. ಮುಂಜಾನೆಯಿಂದ ಎಲ್ಲರಿಗೂ ಉಗಿದ ಬಾಯಿ ನನ್ನದೇ.

"ನಾ ನೋಡಿದ್ನಿರಿ," ಅಂದೆ. "ಸ್ಟೂಲ್ ಬಿಟ್ಟು ಕೈ ಮುಗಿದ್ನಿ."